ಕೂದಲಿಗಿಂತ ತೆಳ್ಳನೆಯ ಸಂದಿಗೆ ಬಲೆ ಹೆಣೆಯುವುದು

ಹೈದರಾಬಾದಿನ ಬಾಲಾನಗರದಲ್ಲಿ ಹೈಡ್ರಾಲಿಕ್ ರಿಪೇರಿ ಮಾಡುವ ಅಂಗಡಿಯೊಂದರ ಮುಂದೆ ಸ್ವಲ್ಪ ಹೊತ್ತು ನಿಂತರೆ ಟ್ರ್ಯಾಕ್ಟರಿನಿಂದಲೋ ಜೆಸಿಬಿಯಿಂದಲೋ ಬಿಚ್ಚಿ ತಂದ ಗೇರ್ ಪಂಪ್ ಕಣ್ಣಿಗೆ ಬೀಳುತ್ತದೆ. ಅಂಗೈಯಗಲದ ಅಲ್ಯೂಮಿನಿಯಂ ಗಟ್ಟಿ, ಅದರೊಳಗೆ ಹಲ್ಲಿಗೆ ಹಲ್ಲು ಕೊಟ್ಟು ಕೂತ ಎರಡು ಚಕ್ರ, ಎರಡು ತೂತು. ಇಷ್ಟೇ ಸಾಮಾನು. ಬೀದರ್, ಕಲಬುರಗಿ, ರಾಯಚೂರಿನ ಎಂಜಿನಿಯರಿಂಗ್ ಓದಿದ ಹುಡುಗರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅವರಲ್ಲೊಬ್ಬ ಮಾದಾಪುರದ ಕಚೇರಿಯಲ್ಲಿ ಕೂತು ಇದೇ ಪಂಪನ್ನು ಕಂಪ್ಯೂಟರಿನೊಳಗೆ ತಿರುಗಿಸಲು ಹೊರಟರೆ, ಲೆಕ್ಕ ಶುರುವಾಗುವ ಮೊದಲೇ ವಾರಗಳು ಕಳೆದುಹೋಗುತ್ತವೆ. ಅಷ್ಟೂ ದಿನ ಅವನು ಮಾಡುವುದು ಒಂದೇ ಕೆಲಸ: ಪಂಪಿನೊಳಗಿನ ಎಣ್ಣೆಗೆ ಬಲೆ ಹೆಣೆಯುವುದು. ಅವರ ಭಾಷೆಯಲ್ಲಿ ಮೆಶ್ ಹಾಕುವುದು.

ಮೊದಲು ಪಂಪಿನ ಗುಟ್ಟು. ಎರಡು ಚಕ್ರ ಎದುರುಬದುರಾಗಿ ತಿರುಗುವುದನ್ನು ಕಂಡರೆ ನಮಗೆ ಕಬ್ಬಿನ ಗಾಣ ನೆನಪಾಗುತ್ತದೆ. ಎಣ್ಣೆ ನಡುವೆ ಸಿಕ್ಕಿ ಹಿಂಡಿಕೊಂಡು ಆಚೆ ಬರುತ್ತದೆ ಎಂದುಕೊಳ್ಳುತ್ತೇವೆ. ಆಗುವುದು ಬೇರೆ. ಒಂದು ಬದಿಯಲ್ಲಿ ಹಲ್ಲುಗಳು ಬಿಡಿಸಿಕೊಳ್ಳುವಾಗ ಜಾಗ ತೆರೆಯುತ್ತದೆ, ಎಣ್ಣೆ ಒಳಗೆ ನುಗ್ಗುತ್ತದೆ. ಆಮೇಲೆ ಅದು ಹಲ್ಲುಗಳ ನಡುವಿನ ತಗ್ಗಿನಲ್ಲಿ ಕೂತು, ಪಂಪಿನ ಬಾಡಿಯ ಗೋಡೆಗುಂಟ ಹೊರಗಿನಿಂದ ಸುತ್ತು ಹಾಕುತ್ತದೆ, ಬಾವಿಯ ರಾಟೆಗೆ ಕಟ್ಟಿದ ಗಡಿಗೆಗಳಲ್ಲಿ ನೀರು ಏರಿದಂತೆ. ಇನ್ನೊಂದು ಬದಿಗೆ ಬಂದಾಗ ಎದುರಿನ ಹಲ್ಲು ತಗ್ಗಿನೊಳಗೆ ಹೊಕ್ಕು ಎಣ್ಣೆಯನ್ನು ಹೊರದೂಡುತ್ತದೆ. ನಡುವೆ ಕಚ್ಚಿಕೊಂಡ ಹಲ್ಲುಗಳ ಕೆಲಸ ಎಣ್ಣೆ ವಾಪಸು ಬರದಂತೆ ಬಾಗಿಲು ಹಾಕುವುದು. ಗ್ರಹಗಳ ಹಾದಿಯ ಲೆಕ್ಕ ಕೊಟ್ಟ ಯೋಹಾನೆಸ್ ಕೆಪ್ಲರ್ ನಾಲ್ಕು ಶತಮಾನಗಳ ಹಿಂದೆ ನೀರೆತ್ತಲು ಇಂಥದೇ ಪಂಪನ್ನು ಯೋಚಿಸಿದ್ದ. ಕವಾಟವೇ ಇಲ್ಲದ ಪಂಪ್ ಎಂಬುದೇ ಅದರ ಚೆಲುವು.

ಇದನ್ನು ಲೆಕ್ಕಕ್ಕೆ ಇಳಿಸುವುದು ಹೇಗೆ? ದ್ರವದ ಚಲನೆಯ ಸಮೀಕರಣಗಳನ್ನು ನೇವಿಯರ್ ಮತ್ತು ಸ್ಟೋಕ್ಸ್ 19ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಪಂಪಿನಂಥ ಅಂಕುಡೊಂಕಿನ ಜಾಗಕ್ಕೆ ಅವನ್ನು ನೇರವಾಗಿ ಬಿಡಿಸಲು ಬರುವುದಿಲ್ಲ. ಹಾಗಾಗಿ ಎಣ್ಣೆಯಿರುವ ಜಾಗವನ್ನು ಸಣ್ಣ ಸಣ್ಣ ಕೋಣೆಗಳಾಗಿ ಕತ್ತರಿಸಿ, ಪ್ರತಿ ಕೋಣೆಗೂ ಒಂದು ಒತ್ತಡ, ಒಂದು ವೇಗ ಇಟ್ಟು, ಪಕ್ಕದ ಕೋಣೆಯೊಂದಿಗೆ ಕೊಡುಕೊಳ್ಳುವಿಕೆ ಬರೆಯುತ್ತಾರೆ. ಆ ಕೋಣೆಯೇ ಸೆಲ್. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿ ಇಟ್ಟ ಅಂದಾಜಿನ ಮೇಲೆಯೇ ಬಳ್ಳಿಯ ಅಂದ ನಿಂತಿರುತ್ತದಲ್ಲ, ಹಾಗೆ.

ಗೇರ್ ಪಂಪಿನಲ್ಲಿ ಚುಕ್ಕಿ ತಪ್ಪುವುದು ಎಲ್ಲಿ ಎಂದರೆ ಸಂದಿಯಲ್ಲಿ. ಒಂದು ಉದಾಹರಣೆ ಹಿಡಿಯೋಣ: 10 ಹಲ್ಲಿನ, 3 ಮಾಡ್ಯೂಲಿನ (ಹಲ್ಲಿನ ಗಾತ್ರ ಹೇಳುವ ಅಳತೆ) ಗೇರು. ಹೊರವ್ಯಾಸ 36 ಮಿ.ಮೀ., ಹಲ್ಲಿನ ಎತ್ತರ ಹತ್ತಿರಹತ್ತಿರ 7 ಮಿ.ಮೀ. ಹಲ್ಲಿನ ತುದಿಗೂ ಬಾಡಿಗೂ ನಡುವೆ 20 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ಮೂರನೇ ಒಂದು ಪಾಲಿನಷ್ಟು ಸಂದಿ ಇರಲಿ. ಸಂದಿಯ ಅಡ್ಡಕ್ಕೆ ಐದಾದರೂ ಸೆಲ್ ಬೇಕು, ಅಂದರೆ ಒಂದೊಂದೂ 4 ಮೈಕ್ರಾನ್. ಎಲ್ಲ ಕಡೆಯೂ ಇದೇ ಅಳತೆಯ ಘನಗಳನ್ನು ತುಂಬಿದರೆ ಒಂದು ಘನ ಮಿಲಿಮೀಟರಿಗೇ 1,56,25,000 ಸೆಲ್. ಒಂದು ಘನ ಸೆಂಟಿಮೀಟರಿಗೆ ಒಂದೂವರೆ ಸಾವಿರ ಕೋಟಿ ದಾಟುತ್ತದೆ. ಇದನ್ನು ಹೊರುವ ಕಂಪ್ಯೂಟರು ಯಾವ ಕಚೇರಿಯಲ್ಲೂ ಇರುವುದಿಲ್ಲ. ಆದ್ದರಿಂದ ಸಂದಿಯಲ್ಲಿ ಸೆಲ್ಲುಗಳನ್ನು ತಟ್ಟಿ ಚಪ್ಪಟೆ ಮಾಡುತ್ತಾರೆ: ದಪ್ಪ 4 ಮೈಕ್ರಾನ್, ಉದ್ದ ನೂರು, ಅಗಲ ಐನೂರು. ಅಲ್ಲಿ ಎಣ್ಣೆಯ ವೇಗ ತಟಕ್ಕನೆ ಬದಲಾಗುವುದು ಅಡ್ಡಕ್ಕೆ ಮಾತ್ರ, ಉದ್ದಕ್ಕೆ ನಿಧಾನ. ಆದ್ದರಿಂದ ಈ ತೆಳು ಹಪ್ಪಳಗಳು ಸಾಕು.

ಸಂದಿಯನ್ನು ಇಷ್ಟು ಓಲೈಸುವುದು ಏಕೆ? ಅದರಲ್ಲಿ ಒತ್ತಡದಿಂದ ಸೋರುವ ಎಣ್ಣೆ ಸಂದಿಯ ಅಳತೆಯ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. 20 ಮೈಕ್ರಾನ್ 25 ಆದರೆ ಸೋರಿಕೆ ಹೆಚ್ಚುಕಡಿಮೆ ದುಪ್ಪಟ್ಟು. ಮೆಶ್ ಸದ್ದಿಲ್ಲದೆ ಮೋಸ ಮಾಡುವುದು ಇಲ್ಲೇ. ಬಾಡಿಯ ಗೋಡೆ ಕಮಾನು. ಸೆಲ್ಲಿನ ಅಂಚು ಮಾತ್ರ ನೆಟ್ಟಗಿನ ಗೆರೆ. 18 ಮಿ.ಮೀ. ತ್ರಿಜ್ಯದ ಕಮಾನನ್ನು 0.85 ಮಿ.ಮೀ. ಉದ್ದದ ತುಂಡುಗಳಾಗಿ ಮುರಿದರೆ, ತುಂಡಿನ ನಡುಭಾಗ ನಿಜವಾದ ಗೋಡೆಗಿಂತ 5 ಮೈಕ್ರಾನ್ ಒಳಗೆ ಬರುತ್ತದೆ. ಪರದೆಯ ಮೇಲೆ ನುಣ್ಣಗೆ ದುಂಡಗೆ ಕಾಣುವ ಗೋಡೆ ಅಲ್ಲಿ ಸಂದಿಯನ್ನು 15 ಮೈಕ್ರಾನಿಗೆ ಇಳಿಸಿರುತ್ತದೆ. ಸೋರಿಕೆಯ ಲೆಕ್ಕ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಪಂಪ್ ಇರುವುದಕ್ಕಿಂತ ಒಳ್ಳೆಯದೆಂದು ಕಂಪ್ಯೂಟರು ಸರ್ಟಿಫಿಕೇಟು ಕೊಡುತ್ತದೆ.

ಇಷ್ಟೆಲ್ಲ ನಿಂತ ಪಂಪಿನ ಮಾತು. ನಿಮಿಷಕ್ಕೆ 1,500 ಸುತ್ತು ತಿರುಗುವ ಗೇರು ಒಂದು ಡಿಗ್ರಿ ಸರಿಯಲು ತೆಗೆದುಕೊಳ್ಳುವುದು ಸೆಕೆಂಡಿನ 9,000ದಲ್ಲಿ ಒಂದು ಪಾಲು. ಅರ್ಧ ಡಿಗ್ರಿಗೊಂದು ಹೆಜ್ಜೆ ಇಟ್ಟರೂ ಸುತ್ತಿಗೆ 720 ಹೆಜ್ಜೆ, ಪ್ರತಿ ಹೆಜ್ಜೆಗೂ ಎಣ್ಣೆಯ ಜಾಗದ ಆಕಾರ ಬೇರೆ. ಹಲ್ಲುಗಳು ಕಚ್ಚಿಕೊಳ್ಳುವ ಕಡೆ ಸೆಲ್ಲುಗಳು ನಜ್ಜುಗುಜ್ಜಾಗಿ, ಕೆಲವು ಒಳಹೊರಗು ತಿರುಗಿಬಿಡುತ್ತವೆ. ಆಗ ಪರದೆಯ ಮೇಲೆ ‘ನೆಗೆಟಿವ್ ವಾಲ್ಯೂಮ್’ ಎಂದು ಬಂದು ರಾತ್ರಿಯೆಲ್ಲ ಓಡಿದ ಲೆಕ್ಕ ನಿಂತುಹೋಗುತ್ತದೆ. ಈ ಕೆಲಸ ಮಾಡಿದವರಿಗೆಲ್ಲ ಆ ಎರಡು ಪದ ಕಂಡರೆ ಎದೆ ಧಸಕ್ಕೆನ್ನುತ್ತದೆ.

ದಾರಿಗಳಿವೆ. ಕೆಟ್ಟ ಸೆಲ್ಲುಗಳನ್ನು ಆಗಾಗ ಅಳಿಸಿ ಹೊಸದಾಗಿ ಹೆಣೆಯಬಹುದು. ಒಂದೊಂದು ಗೇರಿಗೂ ಅದರದೇ ಬಲೆ ತೊಡಿಸಿ, ಒಂದರ ಮೇಲೊಂದು ಜಾರಲು ಬಿಡಬಹುದು. ನನಗೆ ಮೆಚ್ಚುಗೆಯಾದದ್ದು ಮೂರನೆಯದು. ನೇರ ಹಲ್ಲಿನ ಗೇರನ್ನು ಎಲ್ಲಿ ಕೊಯ್ದರೂ ಮುಖ ಒಂದೇ. ಆದ್ದರಿಂದ ಕಾಗದದ ಮೇಲಿನಂತೆ ಎರಡೇ ಆಯಾಮದಲ್ಲಿ ಅಚ್ಚುಕಟ್ಟಾಗಿ ಹೆಣೆದು, ಚಕ್ಕುಲಿ ಒತ್ತಿದ ಹಾಗೆ ಅಗಲಕ್ಕೆ ಎಳೆಯುವುದು. ಹಲ್ಲುಗಳು ಒಂದರ ಸ್ಥಾನಕ್ಕೆ ಇನ್ನೊಂದು ಬರುವುದರಿಂದ 36 ಡಿಗ್ರಿಯವರೆಗಿನ ಬಲೆಗಳನ್ನು ಮೊದಲೇ ಮಾಡಿಟ್ಟುಕೊಂಡರೆ ಮುಂದೆ ಅವೇ ಮರಳಿ ಬರುತ್ತವೆ. ಆದರೆ ಹಲ್ಲುಗಳ ನಡುವೆ ಸಿಕ್ಕಿಬಿದ್ದ ಎಣ್ಣೆಗೆ ದಾರಿ ಕೊಡಲು ಗೇರಿನ ಪಕ್ಕಕ್ಕೆ ಕೂತ ಬುಶ್ಶಿನ ಮುಖದಲ್ಲಿ ಕೊರೆದ ಪುಟ್ಟ ಕಾಲುವೆ ಈ ಸರಳತೆಗೆ ಒಗ್ಗುವುದಿಲ್ಲ. ಅದಕ್ಕೆ ಬೇರೆಯೇ ಬಲೆ ಬೇಕು. ಹಲ್ಲುಗಳು ತಾಗುವ ಬಿಂದುವಿನಲ್ಲಿ ದಪ್ಪವೇ ಇಲ್ಲದ ಸೆಲ್ ಇರಲಾರದು. ಹಾಗಾಗಿ ಅಲ್ಲೊಂದು ಕೂದಲೆಳೆ ಸಂದಿ ಬಿಟ್ಟು, ಆ ಜಾಗದ ಎಣ್ಣೆ ಜೇನಿಗಿಂತ ಎಷ್ಟೋ ಪಟ್ಟು ಗಟ್ಟಿ ಎಂದು ಲೆಕ್ಕಕ್ಕೆ ಸುಳ್ಳು ಹೇಳುತ್ತಾರೆ. ಬಾಗಿಲು ಹಾಕಿದಂತಾಗುತ್ತದೆ.

ಕೊನೆಗೆ ಒರಟು, ನಡುತರ, ನಯ ಎಂದು ಮೂರು ಬಲೆಗಳಲ್ಲಿ ಓಡಿಸಿ ಉತ್ತರ ನೆಲೆ ನಿಂತಿದೆಯೇ ನೋಡಬೇಕು. ನಿಂತರೂ ಒಂದು ಪ್ರಶ್ನೆ ಉಳಿಯುತ್ತದೆ: ಆ 20 ಮೈಕ್ರಾನ್ ಎಲ್ಲಿಂದ ಬಂತು?

ಡ್ರಾಯಿಂಗಿನಿಂದ. ಓಡಿದ ಪಂಪಿನಲ್ಲಿ ಸುತ್ತಲೂ ಒಂದೇ ಸಂದಿ ಇರುವುದೇ ಇಲ್ಲ. ಒತ್ತಡದ ಎಣ್ಣೆ ಎರಡೂ ಗೇರುಗಳನ್ನು ಸಕ್ಷನ್ ಬದಿಗೆ, ಅಂದರೆ ಎಣ್ಣೆ ಒಳಬರುವ ಬದಿಗೆ, ಒತ್ತುತ್ತದೆ; ಉಕ್ಕಿನ ಹಲ್ಲುಗಳು ಅಲ್ಲಿನ ಮೆತ್ತನೆಯ ಅಲ್ಯೂಮಿನಿಯಂ ಗೋಡೆಯನ್ನು ಕೆರೆದು ತಮ್ಮ ಜಾಗ ತಾವೇ ಮಾಡಿಕೊಳ್ಳುತ್ತವೆ. ಸಂದಿ ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಹಿಗ್ಗುತ್ತದೆ. 1968ರಲ್ಲಿ ಆರಂಭವಾದ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ ಇರುವುದು ಬಾಲಾನಗರದಲ್ಲೇ. ಮೈಕ್ರಾನಿನ ಮಾತು ಆ ಪ್ರದೇಶಕ್ಕೆ ಹೊಸದಲ್ಲ. ರಿಪೇರಿ ಅಂಗಡಿಯ ಮೆಕ್ಯಾನಿಕ್ ಪಂಪ್ ಬಿಚ್ಚಿದ ಕೂಡಲೇ ಎಣ್ಣೆ ಒರೆಸಿ, ಬಾಡಿಯ ಒಳಗೋಡೆಯ ಮೇಲೆ ಉಗುರು ಎಳೆದು ನೋಡುತ್ತಾನೆ. ಸಕ್ಷನ್ ಬದಿಯಲ್ಲಿ ಉಗುರಿಗೆ ಸಿಗುವ ಆ ಸಣ್ಣ ಮೆಟ್ಟಿಲೇ ಮಾದಾಪುರದ ಹುಡುಗನ ಬಲೆ ಶುರುವಾಗಬೇಕಾದ ಜಾಗ.