ಐ7 ಇದ್ದರೆ ಗೇಮ್ ಚೆನ್ನಾಗಿ ಓಡುತ್ತದೆಯೇ?

‘ಗೇಮ್ ಆಡಲು ಐ5 ಸಾಲದು, ಐ7 ತಗೊಳ್ಳಿ’ ಎಂಬ ಮಾತು ಪೂರ್ತಿ ನಿಜವಲ್ಲ. ಹೆಸರಿನ ಕೊನೆಯ ಅಕ್ಷರ ನೋಡಿ. ಇಂಟೆಲ್‌ನ ಐ7-1255ಯು ಪ್ರೊಸೆಸರ್‌ನ ಮೂಲ ವಿದ್ಯುತ್ ಮಿತಿ 15 ವ್ಯಾಟ್, ಐ5-12450ಎಚ್‌ನದು 45 ವ್ಯಾಟ್. ಗಂಟೆಗಟ್ಟಲೆ ಆಡುವಾಗ ವೇಗ ಉಳಿಸಿಕೊಳ್ಳುವುದು ಸಾಮಾನ್ಯವಾಗಿ ಈ ಐ5.

ದೊಡ್ಡ ಅಂಕಿಯನ್ನೂ ನಂಬಬೇಡಿ. ಎಎಂಡಿ ರೈಜನ್ 5 7520ಯು ಬಂದದ್ದು 2022ರಲ್ಲಿ, ಒಳಗಿರುವುದು 2019ರ ಝೆನ್ 2 ವಿನ್ಯಾಸ!

ಗೇಮ್‌ನ ದೃಶ್ಯ ಮೂಡಿಸುವ ಹೆಚ್ಚಿನ ಭಾರ ಗ್ರಾಫಿಕ್ಸ್ ಚಿಪ್‌ನದು. ಐ7ಗೆ ಸುರಿಯುವ ಹೆಚ್ಚಿನ ದುಡ್ಡನ್ನು ಪ್ರತ್ಯೇಕ ಗ್ರಾಫಿಕ್ಸ್‌ಗೆ, 16 ಜಿಬಿ ರ್‍ಯಾಮ್‌ಗೆ ಹಾಕುವುದೇ ಲೇಸು. ಕಬ್ಬಿನ ದುಡ್ಡು ಹಿಡಿದು ಬೆಳಕವಾಡಿಯಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು, ಅಂಗಡಿಯವರು ‘ಐ7 ಸಾರ್’ ಎಂದರೆ ‘ಯಾವ ಐ7?’ ಎಂದು ಕೇಳಿ, ಡಬ್ಬದ ಚೀಟಿಯಲ್ಲಿ ಪೂರ್ತಿ ಹೆಸರು ಓದಿ, ಆಮೇಲೆ ಬಿಲ್ ಮಾಡಿಸಿ.