ಫೋರ್ಕ್ ಸೋರ್ತಿದೆ ಸಾರ್!

ಹಲಸೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರದ ತೂಗುಸೇತುವೆಯವರೆಗೆ ದಿನಾ ಬೈಕಿನಲ್ಲಿ ಓಡಾಡುವವರಿಗೆ ರಸ್ತೆಯ ಇತಿಹಾಸವೆಲ್ಲ ಮಣಿಕಟ್ಟಿನಲ್ಲೇ ದಾಖಲಾಗಿರುತ್ತದೆ. ನೀರಿನ ಪೈಪಿಗೆಂದು ಅಗೆದು ಮುಚ್ಚಿದ್ದು, ಕೇಬಲ್ಲಿಗೆಂದು ಅಗೆದು ಅರ್ಧಂಬರ್ಧ ಮುಚ್ಚಿದ್ದು, ರಾತ್ರೋರಾತ್ರಿ ಎದ್ದುನಿಂತ ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವಂತಿರಬೇಕು. ಒಳರಸ್ತೆಗಳ ಹಂಪುಗಳು ಎತ್ತರದಲ್ಲಿ ಉದಾರಿಗಳು, ಅಗಲದಲ್ಲಿ ಮಾತ್ರ ಮಹಾ ಜಿಪುಣರು. ಈ ಏರುಪೇರನ್ನೆಲ್ಲ ಮೊದಲು ನುಂಗಬೇಕಾದದ್ದು ಬೈಕಿನ ಮುಂದಿನ ಫೋರ್ಕ್.

ಅದು ನುಂಗಲಾರದೆ ಸೋತಾಗ ದಂಡು ಪ್ರದೇಶದವರು ಇಂದಿಗೂ ನೆನಪಿಸಿಕೊಳ್ಳುವುದು ಶಿವಾಜಿನಗರವನ್ನೇ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಸುತ್ತಲ ಗಲ್ಲಿಗಳಲ್ಲಿ ಹಣ್ಣು, ಮೀನು, ಕಬಾಬಿನ ವಾಸನೆ ದಾಟಿ ಮುಂದೆ ಹೋದರೆ ಗ್ರೀಸಿನ ವಾಸನೆ ಶುರುವಾಗುತ್ತದೆ. ಗುಜರಿಯ ಲೋಕ ಅದು. ದಖನಿ ಉರ್ದು, ತಮಿಳು, ಕನ್ನಡ ಒಂದೇ ವಾಕ್ಯದಲ್ಲಿ ಬೆರೆಯುವ ಇಲ್ಲಿ ಶಾಕ್ ಅಬ್ಸಾರ್ಬರಿಗೆ ‘ಶಾಕಪ್’ ಎಂದೇ ಹೆಸರು. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯಾಗಲಿ, ಅದೇ ವರ್ಷ ತಯಾರಿಕೆ ನಿಂತ ಯಮಹಾ ಆರ್‌ಎಕ್ಸ್ 100 ಆಗಲಿ, ಬೆಂಗಳೂರಿನಲ್ಲಿ ಇನ್ನೂ ಓಡುತ್ತಿದ್ದರೆ ಅದರ ಪುಣ್ಯದಲ್ಲಿ ಇಂಥ ಗಲ್ಲಿಗಳಿಗೂ ಪಾಲಿದೆ.

ಫೋರ್ಕ್ ಹೊಸ ವಿದ್ಯೆಯೇನಲ್ಲ. ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕನ್ನು ಮೊದಲು ಮಾರುಕಟ್ಟೆಗೆ ತಂದದ್ದು 1935ರಲ್ಲಿ ಬಿಎಂಡಬ್ಲ್ಯು, ತನ್ನ ಆರ್ 12 ಮತ್ತು ಆರ್ 17 ಬೈಕುಗಳಲ್ಲಿ. ಹೊಳೆಯುವ ಕ್ರೋಮ್ ಪೈಪೊಂದು ಕೆಳಗಿನ ಕೇಸಿನೊಳಗೆ ಜಾರುತ್ತದೆ. ಒಳಗಿನ ಸ್ಪ್ರಿಂಗ್ ಭಾರ ಹೊರುತ್ತದೆ. ಸ್ಪ್ರಿಂಗ್ ಒಂದೇ ಇದ್ದರೆ ಬೈಕು ಪುಟಿಯುತ್ತಲೇ ಇರುತ್ತದೆ. ಸಣ್ಣ ರಂಧ್ರಗಳಲ್ಲಿ ನುಸುಳುವ ಎಣ್ಣೆ ಆ ಕುಣಿತವನ್ನು ತಡೆಯುತ್ತದೆ. ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನದ ಚಕ್ರದ ಕಾಲಿನಲ್ಲೂ ಹೆಚ್ಚುಕಡಿಮೆ ಇದೇ ಸೂತ್ರ, ಸ್ಪ್ರಿಂಗಿನ ಜಾಗದಲ್ಲಿ ಒತ್ತಡದ ಅನಿಲ ಇರುತ್ತದೆ ಅಷ್ಟೆ.

ತೊಂದರೆ ಶುರುವಾಗುವುದು ಒಂದು ರಬ್ಬರ್ ಉಂಗುರದಿಂದ. ಮಳೆಗಾಲದ ಕೆಸರು ಪೈಪಿನ ಮೇಲೆ ಒಣಗುತ್ತದೆ, ಧೂಳಿನ ಕಣ ಆಯಿಲ್ ಸೀಲಿನ ತುಟಿಗೆ ಸಿಕ್ಕಿಕೊಳ್ಳುತ್ತದೆ, ಎಣ್ಣೆ ಜಿನುಗುತ್ತದೆ. ಕೆಲವೊಮ್ಮೆ ಸೀಲ್ ಕೆಟ್ಟೇ ಇರುವುದಿಲ್ಲ. ಹಳಬರು ಕ್ಯಾಮೆರಾ ಫಿಲ್ಮಿನ ಅಥವಾ ಎಕ್ಸ್‌ರೇ ಹಾಳೆಯ ತುಂಡನ್ನು ಸೀಲಿನೊಳಗೆ ತೂರಿಸಿ ಸುತ್ತ ಆಡಿಸಿ ಕಸ ಹೊರಗೆಳೆಯುತ್ತಾರೆ. ಸೋರಿಕೆ ನಿಂತರೆ ಬಚಾವ್. ನಿಲ್ಲದಿದ್ದರೆ ಬಿಚ್ಚಲೇಬೇಕು.

ಬಿಚ್ಚುವುದನ್ನು ನೋಡಬೇಕು. ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತುತ್ತಾರೆ. ಬ್ರೇಕ್ ಕ್ಯಾಲಿಪರ್ ತನ್ನ ಹೋಸಿನಲ್ಲೇ ಜೋತುಬೀಳದಂತೆ ತಂತಿಯಲ್ಲಿ ಕಟ್ಟುತ್ತಾರೆ. ಫೋರ್ಕಿನ ತಲೆಯ ಬೋಲ್ಟನ್ನು ಪೈಪು ಕ್ಲ್ಯಾಂಪಿನಲ್ಲಿ ಗಟ್ಟಿಯಾಗಿರುವಾಗಲೇ ಸಡಿಲಿಸಿಟ್ಟುಕೊಳ್ಳಬೇಕು. ಮರೆತವರು ಆಮೇಲೆ ಪೈಪನ್ನು ವೈಸಿಗೆ ಕೊಟ್ಟು ಗಾಯಮಾಡುತ್ತಾರೆ. ಬಗ್ಗಿಸಿದರೆ ಬರುವ ಎಣ್ಣೆಯೇ ಅರ್ಧ ಕತೆ ಹೇಳಿಬಿಡುತ್ತದೆ: ಬೂದು ಬಣ್ಣ, ಕೊಳೆತ ಮೀನಿನಂಥ ನಾತ, ಬೆಳಕಿಗೆ ಹಿಡಿದರೆ ಲೋಹದ ಮಿನುಗು. ಸರ್‌ಕ್ಲಿಪ್ ತೆಗೆದು, ತಳದ ಬೋಲ್ಟ್ ಬಿಚ್ಚಿ, ಪೈಪನ್ನು ನಾಲ್ಕಾರು ಸಲ ಜಗ್ಗಿದರೆ ಹಳೆಯ ಸೀಲ್ ಟಪ್ಪೆಂದು ಹೊರಬರುತ್ತದೆ. ಆಗ ಮೆಕ್ಯಾನಿಕ್ ಪೈಪಿನ ಉದ್ದಕ್ಕೂ ಉಗುರು ಎಳೆಯುತ್ತಾನೆ. ಉಗುರು ಎಲ್ಲಾದರೂ ತಡೆದರೆ ಅಲ್ಲಿ ಕ್ರೋಮ್ ಎದ್ದು ತುಕ್ಕಿನ ಗುಳಿ ಬಿದ್ದಿದೆ ಎಂದರ್ಥ. ಅಂಥ ಪೈಪಿಗೆ ಎಷ್ಟು ಸೀಲ್ ಹಾಕಿದರೂ ಬಾಳುವುದಿಲ್ಲ. ಕೂಡಿಸುವಾಗ ಪೈಪಿನ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಎಣ್ಣೆ ಸವರಿ, ಸೀಲನ್ನು ನಿಧಾನ ಇಳಿಸುತ್ತಾರೆ. ಕಂಪನಿಯ ದುಬಾರಿ ಟೂಲಿನ ಬದಲು ಅದೇ ಅಳತೆಯ ಪಿವಿಸಿ ಪೈಪ್ ತುಂಡೊಂದು ಸೀಲನ್ನು ಸಮನಾಗಿ ತಟ್ಟಿ ಕೂರಿಸುತ್ತದೆ.

ಅಪಘಾತದಲ್ಲಿ ಬಾಗಿದ ಪೈಪುಗಳದು ಬೇರೆಯೇ ಕಸಬು. ‘ಫೋರ್ಕ್ ಬೆಂಡ್, ಚಾಸಿ ಬೆಂಡ್’ ಎಂದು ಬೋರ್ಡು ಹಾಕಿದವರು ಪೈಪನ್ನು ವಿ ಆಕಾರದ ಎರಡು ಕಟ್ಟೆಗಳ ಮೇಲಿಟ್ಟು, ಡಯಲ್ ಗೇಜ್ ತಾಗಿಸಿ ತಿರುಗಿಸುತ್ತಾರೆ. ಅನೇಕ ತಯಾರಕರ ಕೈಪಿಡಿಗಳು ಒಪ್ಪುವ ಓರೆ 0.2 ಮಿ.ಮೀ. ಮಾತ್ರ. ಅಲ್ಪಸ್ವಲ್ಪ ಬಾಗಿದ್ದರೆ ಪ್ರೆಸ್ಸಿನಲ್ಲಿ ಒತ್ತಿ ನೇರ ಮಾಡಬಹುದು. ಮಡಚಿದ ಗುರುತು ಬಿದ್ದಿದ್ದರೆ ಎಸೆಯುವುದೇ ಸರಿ. ಐಟಿಐ, ಎನ್‌ಜಿಇಎಫ್, ಎಚ್‌ಎಎಲ್‌ನಂಥ ಕಾರ್ಖಾನೆಗಳಿದ್ದ ಪೂರ್ವ ಬೆಂಗಳೂರಿಗೆ ಲೇತು, ಗ್ರೈಂಡಿಂಗು ಹೊಸದಲ್ಲ. ಹೊಸ ಪೈಪು ಸಿಗದ ಹಳೆಯ ಬೈಕುಗಳಿಗೆ ಕ್ರೋಮನ್ನು ಅರೆದು ತೆಗೆದು, ಮತ್ತೆ ಹಾರ್ಡ್ ಕ್ರೋಮ್ ಏರಿಸಿ, ಮೂಲ ಅಳತೆಗೆ ಗ್ರೈಂಡ್ ಮಾಡಿಸುವ ದಾರಿಯೂ ಇದೆ.

ಶಿವಾಜಿನಗರದಿಂದ ಇಂದಿರಾನಗರಕ್ಕೆ ಬಂದರೆ ಮಾತು ರಿಪೇರಿಯಿಂದ ‘ಅಪ್‌ಗ್ರೇಡ್’ಗೆ ಹೊರಳುತ್ತದೆ. ಹೊಸ ಹುಡುಗರ ಕಣ್ಣು ಚಿನ್ನದ ಬಣ್ಣದ ತಲೆಕೆಳಗು ಫೋರ್ಕಿನ ಮೇಲೆ. 2012ರಲ್ಲಿ ಬಂದ ಕೆಟಿಎಂ ಡ್ಯೂಕ್ 200ರ 43 ಮಿ.ಮೀ. ಡಬ್ಲ್ಯುಪಿ ಫೋರ್ಕ್ ಈ ಹುಚ್ಚನ್ನು ಮಧ್ಯಮ ವರ್ಗದ ಕೈಗೆಟುಕಿಸಿತು. ದಪ್ಪ ಕೊಳವೆ ಮೇಲಿರುವುದರಿಂದ, ಬ್ರೇಕ್ ಒತ್ತಿದಾಗ ಹೆಚ್ಚು ಬಾಗುವ ಜಾಗವೇ ಗಟ್ಟಿಯಾಗಿರುತ್ತದೆ. ಲಾಭ ನಿಜ. ಆದರೆ ಎಂ.ಜಿ. ರಸ್ತೆಯ ಟ್ರಾಫಿಕ್ಕಿನಲ್ಲಿ ತೆವಳುವ 100 ಸಿಸಿ ಬೈಕಿಗೆ ಅದರಿಂದ ಸಿಗುವುದು ಬಹುಪಾಲು ಶೋಕಿ.

ನಿಜವಾದ ಅಪ್‌ಗ್ರೇಡ್ ಕಣ್ಣಿಗೆ ಬೀಳುವುದೇ ಇಲ್ಲ. ಮೊದಲನೆಯದು ತಾಜಾ ಎಣ್ಣೆ, ಸರಿಯಾದ ಮಟ್ಟಕ್ಕೆ. ಸ್ಪ್ರಿಂಗ್ ಹೊರಗಿಟ್ಟು, ಫೋರ್ಕನ್ನು ಪೂರ್ತಿ ಒತ್ತಿ, ಪೈಪಿನ ಬಾಯಿಂದ ಎಣ್ಣೆಯವರೆಗೆ ಸ್ಕೇಲಿನಲ್ಲಿ ಅಳೆಯಬೇಕು. ಎರಡೂ ಕಾಲಿನಲ್ಲಿ ಒಂದೇ ಅಳತೆ ಬರಬೇಕು. ‘ಟೈಟ್ ಇರ್ಲಿ’ ಎಂದು ಹೆಚ್ಚು ಸುರಿದರೆ ಒಳಗಿನ ಗಾಳಿಗೆ ಜಾಗವಿಲ್ಲದೆ, ದೊಡ್ಡ ಗುಂಡಿಯಲ್ಲಿ ಹೊಸ ಸೀಲೇ ಹಾರಿಹೋದೀತು. ಎರಡನೆಯದು ಸವಾರನ ತೂಕಕ್ಕೆ ತಕ್ಕ ಸ್ಪ್ರಿಂಗ್. ಪೈಪಿಗೊಂದು ಕೇಬಲ್ ಟೈ ಕಟ್ಟಿ, ಬೈಕಿನ ಮೇಲೆ ಕೂತು ನೋಡಿದರೆ ಫೋರ್ಕ್ ತನ್ನ ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗ ಇಳಿದಿರಬೇಕು. ಸ್ಪ್ರಿಂಗಿನ ಮೇಲೆ ವಾಷರ್ ಪೇರಿಸಿದರೆ ಬೈಕಿನ ಎತ್ತರ ಏರುತ್ತದೆಯೇ ಹೊರತು ಸ್ಪ್ರಿಂಗ್ ಬಿರುಸಾಗುವುದಿಲ್ಲ. ಈ ಮಾತನ್ನು ಯಾವ ಗ್ಯಾರೇಜಿನಲ್ಲಿ ಆಡಿದರೂ ಜಗಳ ಗ್ಯಾರಂಟಿ!

ಮೂರನೆಯದು ಎಮ್ಯುಲೇಟರ್ ಎಂಬ ಪುಟ್ಟ ಕವಾಟ. ಸಾದಾ ಫೋರ್ಕಿನ ರಂಧ್ರದ ಗಾತ್ರ ಬದಲಾಗದು. ಹಾಗಾಗಿ ನಿಧಾನ ಚಲನೆಗೆ ಅದು ಸಡಿಲ, ಹಠಾತ್ ಹೊಡೆತಕ್ಕೆ ಕಲ್ಲು. ಒತ್ತಡ ಏರಿದಾಗ ತೆರೆದುಕೊಳ್ಳುವ ಈ ಕವಾಟ ಆ ದೋಷವನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ. 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಓಡಿಸಿದಂಥ ಬೈಕುಗಳಲ್ಲಿ ಸ್ಪ್ರಿಂಗು, ಎಣ್ಣೆ, ಕವಾಟಗಳನ್ನೆಲ್ಲ ಸವಾರನಿಗೆ ಹೊಂದಿಸಿಯೇ ಕಳಿಸುತ್ತಾರೆ.

ಇಷ್ಟಾದ ಮೇಲೂ ಡ್ಯೂಕಿನ ಫೋರ್ಕನ್ನೇ ಆರ್‌ಎಕ್ಸ್‌ಗೆ ಹಾಕಬೇಕೆನ್ನುವವರಿದ್ದಾರೆ. ಲೇತಿನವನು ಅದಕ್ಕೆ ಟೀ ಸ್ಟೆಮ್, ಬುಷ್, ಆ್ಯಕ್ಸಲ್ ಎಲ್ಲ ಮಾಡಿಕೊಟ್ಟಾನು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ಹೊರತಾದ ಮಾರ್ಪಾಡನ್ನು ಒಪ್ಪುವುದಿಲ್ಲ. ಕೆಎ 03 ಇರಲಿ, ಕೆಎ 53 ಇರಲಿ, ಫಲಕ ಯಾವುದಾದರೂ ಕಾನೂನು ಒಂದೇ. ಇನ್ನೊಂದು ಅಪಾಯ ಕಾನೂನಿನ ಪುಸ್ತಕದಲ್ಲಿಲ್ಲ. ತಲೆಕೆಳಗು ಫೋರ್ಕಿನಲ್ಲಿ ಸೀಲ್ ಇರುವುದು ಮೇಲಿನ ಕೊಳವೆಯ ತಳದಲ್ಲಿ. ಅದು ಹರಿದರೆ ಎಣ್ಣೆ ಪೈಪಿನುದ್ದಕ್ಕೂ ಜಾರಿ ಕ್ಯಾಲಿಪರ್‌ನತ್ತ ಇಳಿಯುತ್ತದೆ. ಎಣ್ಣೆ ಕುಡಿದ ಬ್ರೇಕ್ ಪ್ಯಾಡನ್ನು ತೊಳೆದು ಮತ್ತೆ ಬಳಸುವಂತಿಲ್ಲ. ಸೀಲಿನ ಜೊತೆ ಪ್ಯಾಡನ್ನೂ ಬದಲಿಸಲೇಬೇಕು.