ಮಾತ್ರೆ ಬೆಳಿಗ್ಗೆಯೋ, ರಾತ್ರಿಯೋ?

ಖಿನ್ನತೆಯ ಮಾತ್ರೆಯಿಂದ ನಿದ್ರೆ ಹಾರಿತೆಂದು ಹಲವರು ವಾರದಲ್ಲೇ ಅದನ್ನು ಬಿಡುತ್ತಾರೆ. ಮನಸ್ಸು ಹಗುರಾಗಲು 2ರಿಂದ 4 ವಾರ, ಕೆಲವೊಮ್ಮೆ ಹೆಚ್ಚೇ ಬೇಕು; ತೊಂದರೆ ಮಾತ್ರ ಮೊದಲೇ ಬರುತ್ತದೆ. ಫ್ಲೂಯೊಕ್ಸೆಟಿನ್ ಎಚ್ಚರ ತರುವುದರಿಂದ ಸಾಮಾನ್ಯವಾಗಿ ಬೆಳಿಗ್ಗೆಗೆ. ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್ ಮಂಪರು ತರುವುದರಿಂದ ರಾತ್ರಿಗೆ. ನಮ್ಮ ಮನೆಗಳ ತೊಡಕು ಇಲ್ಲಿಯೇ. ಸೂರ್ಯಾಸ್ತದ ನಂತರ ನೀರೂ ಮುಟ್ಟದ ಹಿರಿಯರು ರಾತ್ರಿಯ ಮಾತ್ರೆಯನ್ನು ಸದ್ದಿಲ್ಲದೆ ಕೈಬಿಡುತ್ತಾರೆ. ನಾವು ನಮ್ಮ ನಿಯಮವನ್ನು ಮೊದಲೇ ತಿಳಿಸಿದರೆ ವೈದ್ಯರು ಹೊತ್ತನ್ನೋ ಮದ್ದನ್ನೋ ಬದಲಿಸಬಲ್ಲರು. ಗಿರಾಕಿಗಳೊಡನೆ ಸಂಜೆಯ ಚಹಾ, ಮಧ್ಯಾಹ್ನ ಗಾದಿಯ ಮೇಲಿನ ನಿದ್ರೆ, ಇವನ್ನೂ ಕಡಿಮೆ ಮಾಡಬೇಕು. ಮದ್ದನ್ನು ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಳವಳ, ಕೆಟ್ಟ ಕನಸುಗಳು ಕಾಡಬಹುದು. ನಿದ್ರೆಗೆಟ್ಟರೂ ದಣಿವಿಲ್ಲದೆ, ಅತಿ ಉತ್ಸಾಹದಲ್ಲಿ ಲಕ್ಷಗಟ್ಟಲೆ ಸರಕು ಖರೀದಿಗೆ ಹೊರಟರೆ ಮನೆಯವರು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.